ಮೆಲ್ಕಾರಿನ ಪೊರ್ಬು ಮತ್ತು ಹದಿನಾರಿಂಚಿನ ಚಕ್ರ

ಟಿಣ್, ಟಿಣ್, ಟಿಣ್, ಟಿಣ್, ಟಪ್.

ಟಪ್ ಎಂದಲ್ಲಿ ಕೈ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಸೈಲೆನ್ಸ್. ಆಮೇಲೆ ಏನನ್ನೋ ಬಿಗಿಯುವ ಸಣ್ಣ ಕಿರುಗುಟ್ಟುವ ಸದ್ದು. ಪುನಃ ಅದೇ ಜಾಗಕ್ಕೆ ಒಂದು ಪೆಟ್ಟು. ಈ ಸಲ ಟಿಣ್. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಸ್ಪ್ಯಾನರಿನಿಂದ ತಟ್ಟಿ, ಯಾವುದು ಸಡಿಲವಾಗಿದೆಯೆಂದು ಕಿವಿಯಿಂದಲೇ ಹಿಡಿಯುವ ಕೆಲಸ ಅದು. ಐವತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಮಂಗಳೂರಿನ ಕಾನ್ವೆಂಟಿನ ಬೋರ್ಡಿಂಗಿನಿಂದ ರಜೆಗೆ ಬರುವಾಗ, ಬಸ್ಸು ಫರಂಗಿಪೇಟೆ, ಪಾಣೆಮಂಗಳೂರಿನ ಸೇತುವೆ ಎಲ್ಲ ದಾಟಿ ಮೆಲ್ಕಾರಿನಲ್ಲಿ ನಿಂತರೆ ಮೊದಲು ಕೇಳುತ್ತಿದ್ದದ್ದು ಆ ಸದ್ದು. ಟ್ರಂಕು ಇಳಿಸುವ ಮೊದಲೇ ನನಗೆ ಮನೆಗೆ ಬಂದಹಾಗೆ ಆಗುತ್ತಿತ್ತು.

ತಟ್ಟುತ್ತಿದ್ದವರನ್ನು ಎಲ್ಲರೂ ಪೊರ್ಬು ಎನ್ನುತ್ತಿದ್ದರು. ನಮ್ಮ ತುಳುವಿನಲ್ಲಿ ಕ್ರಿಶ್ಚಿಯನ್ ಗಂಡಸರನ್ನು ಕರೆಯುವ ರೂಢಿಯ ಹೆಸರು ಅದು. ಅವರಿಗೆ ಇಗರ್ಜಿಯಲ್ಲಿ ಇಟ್ಟ ಚಂದದ ಹೆಸರೊಂದಿತ್ತು, ನನಗೆ ಗೊತ್ತು. ಆದರೆ ಅದನ್ನು ಇಲ್ಲಿ ಬರೆಯುವಷ್ಟು ಅಧಿಕಾರ ನನಗೆ ಉಳಿದಿಲ್ಲ.

ಇದನ್ನು ಈಗ ಯಾಕೆ ಬರೆಯುತ್ತಿದ್ದೇನೆಂದರೆ, ಕಳೆದ ಡಿಸೆಂಬರಿನಲ್ಲಿ ಒಂದು ಮದುವೆ ಊಟದ ಪಂಕ್ತಿಯಲ್ಲಿ ನನ್ನ ಎದುರು ಕುಳಿತ ಸಂಬಂಧಿಕರೊಬ್ಬರು ತಮ್ಮ ಮೊಮ್ಮಗನಿಗೆ ನನ್ನ ಪರಿಚಯ ಮಾಡಿಕೊಟ್ಟದ್ದು ಹೀಗೆ: "ಇವರ ಅಣ್ಣ ಮುಂಡಾಜೆಯ ರಸ್ತೆಯಲ್ಲಿ ಹೋದದ್ದು ಮಾರಾಯ. ಆ ಕಾಲದಲ್ಲಿ ಸ್ಪೋರ್ಟ್ಸ್ ಕಾರು ಇದ್ದ ಜನ. ಒಬ್ಬ ಪೊರ್ಬು ತಪ್ಪು ಸೈಜಿನ ಚಕ್ರ ಹಾಕಿ ಕೊಂದ." ಅರುವತ್ತು ವರ್ಷಗಳ ಮೇಲೆ ಆಯಿತು. ಕತೆ ಇನ್ನೂ ಹಾಗೆಯೇ ಓಡಾಡುತ್ತಿದೆ. ಆ ಪೊರ್ಬು ತಪ್ಪು ಸೈಜಿನ ಚಕ್ರ ಹಾಕಿರಲಿಲ್ಲ. ಅದು ಗೊತ್ತಿರುವ ಜೀವ ಈಗ ನಾನೊಬ್ಬಳೇ. ಪಾಯಸ ಬಡಿಸಿದರು, ತಿಂದೆ. ಮನೆಗೆ ಬಂದು ಮೂರು ರಾತ್ರಿ ನಿದ್ದೆಯಿಲ್ಲ.

ಪೊರ್ಬು ಎರಡನೇ ಮಹಾಯುದ್ಧದ ಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿ ಇದ್ದು ಬಂದವರು. ಅಲ್ಲಿ ಯಾವುದೋ ಸ್ಫೋಟದಲ್ಲಿ ಎಡಗಿವಿ ಹೋಗಿತ್ತು. ಹಾಗಾಗಿ ಯಾರು ಮಾತಾಡಿದರೂ ಕತ್ತು ಓರೆ ಮಾಡಿ ಬಲಗಿವಿ ಕೊಡುತ್ತಿದ್ದರು. ದೊಡ್ಡವರು ಚಿಕ್ಕವರು ಎಂದಿಲ್ಲ, ಎಲ್ಲರ ಮಾತಿಗೂ ಅಷ್ಟೇ ಗಮನ. ಹತ್ತು ವರ್ಷದ ಹುಡುಗಿಯಾಗಿದ್ದಾಗ ನನ್ನ ಮಾತನ್ನು ಹಾಗೆ ಕಿವಿಕೊಟ್ಟು ಕೇಳಿದ ಮೊದಲ ದೊಡ್ಡ ಮನುಷ್ಯ ಅವರು.

ಮೆಲ್ಕಾರಿನ ಶೆಡ್ಡಿಗೆ ಕಾರಿನ ಚಕ್ರ ಬೇಕೆಂದು ಬಂದವರಿಗೆ ಅವರು ಚಕ್ರ ತೋರಿಸುತ್ತಿರಲಿಲ್ಲ. ಡಾಕ್ಟರರ ಹಾಗೆ ಪ್ರಶ್ನೆ ಶುರು. ಮನೆ ಎಲ್ಲಿ? ಗೇಟಿನ ಎದುರು ಎಂತ ಉಂಟು? ದಾರಿಯ ನಡುವಿನ ದಿಣ್ಣೆ ಎಷ್ಟು ಎತ್ತರ? ಮಳೆಗಾಲದಲ್ಲಿ ತೋಡಿನ ನೀರು ಎಷ್ಟು ಏರ್ತದೆ? ಎಲ್ಲ ಕೇಳಿ ಮುಗಿಸಿ, ನಾಳೆ ಬನ್ನಿ ಎನ್ನುತ್ತಿದ್ದರು. ಚಕ್ರ ದೊಡ್ಡದಾದರೆ ಗಾಡಿ ಏರಿನಲ್ಲಿ ಸೋಲುತ್ತದೆ, ಸ್ಪೀಡು ತೋರಿಸುವ ಮುಳ್ಳು ಕಮ್ಮಿ ತೋರಿಸುತ್ತದೆ. ಚಿಕ್ಕದಾದರೆ ನಮ್ಮ ಗಾಡಿದಾರಿಗಳಲ್ಲಿ ಹೊಟ್ಟೆ ಉಜ್ಜುತ್ತದೆ. ಎರಡರ ನಡುವೆ ಆ ಗಾಡಿಗೆ, ಆ ದಾರಿಗೆ ಸರಿಯಾದ ಒಂದೇ ಅಳತೆ ಇರುತ್ತದೆಂದು ಅವರ ನಂಬಿಕೆ. ರಸ್ತೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಗಾಡಿಯನ್ನು ಚಕ್ರ ಒಂದು ಸುತ್ತು ಬರುವಷ್ಟು ತಳ್ಳಿಸಿ, ಅಲ್ಲೊಂದು ಗೆರೆ ಎಳೆದು, ನಡುವೆ ಹುರಿಹಗ್ಗ ಹಿಡಿದು ಅಳೆಯುತ್ತಿದ್ದರು. ರಜೆಯಲ್ಲಿ ಆ ಲೆಕ್ಕ ಮಾಡಿಕೊಡುವ ಕೆಲಸ ನನ್ನದು. ಅವರ ಹೆಂಡತಿ, ನಾವು ಬಾಯಿ ಎಂದು ಕರೆಯುತ್ತಿದ್ದವರು, ಸ್ಲೇಟು ತಂದು ಕೊಟ್ಟು ಬೆಲ್ಲದ ಕಾಫಿ ಇಡುತ್ತಿದ್ದರು.

ಮೂಡಬಿದಿರೆಯಿಂದ ಒಬ್ಬರು ಜೈನ ಧನಿಗಳು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಕಾರಿಗೆ ಎಲ್ಲರಿಗಿಂತ ದೊಡ್ಡ ಚಕ್ರ ಬೇಕು, ಕಂಬಳಕ್ಕೆ ಎತ್ತರದ ಕೋಣ ಕಟ್ಟಿದ ಹಾಗೆ ಕಾಣಬೇಕು ಎಂದು ಅವರ ಹಟ. ಪೊರ್ಬು ಇಲ್ಲವೆನ್ನಲಿಲ್ಲ. ತಮ್ಮ ಕಾಲಿನ ದೊಡ್ಡ ಮಿಲಿಟರಿ ಚಪ್ಪಲಿ ಕಳಚಿ ಎದುರಿಗಿಟ್ಟರು. "ಧನಿಗಳು ಇದನ್ನು ಹಾಕಿ ಆ ಅಂಗಡಿಯವರೆಗೆ ಸ್ವಲ್ಪ ಓಡಿ ಬರುವಿರಾ?" ಧನಿಗಳು ತಮಾಷೆಗೆಂದು ಹಾಕಿಕೊಂಡು ನಾಲ್ಕು ಹೆಜ್ಜೆ ಓಡಿ, ಮುಗ್ಗರಿಸಿ, ನಿಂತು, ತಿರುಗಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಮೊದಲಿನ ಅಳತೆಯ ಚಕ್ರವನ್ನೇ ಹಾಕಿಸಿಕೊಂಡು ಹೋದರು.

ಇನ್ನು ನನ್ನ ಅಣ್ಣನ ಕಾರಿನ ವಿಷಯ.

ನಮ್ಮದು ಅಳಿಯಸಂತಾನದ ಬಂಟರ ಮನೆ. ಅಮ್ಮನ ಅಣ್ಣ, ಅಂದರೆ ನಮ್ಮ ಮಾವ, ಯಜಮಾನರು. ಅಮ್ಮನಿಗೆ ನಾವು ಇಬ್ಬರೇ. ಅಣ್ಣನಿಗೆ ಆಗ ಇಪ್ಪತ್ತನಾಲ್ಕು, ನನಗೆ ಹದಿನಾರು. ಇಂಗ್ಲೆಂಡಿಗೆ ಹೊರಟ ಒಬ್ಬ ಎಸ್ಟೇಟ್ ದೊರೆಯಿಂದ ಅಣ್ಣ ಎರಡೇ ಸೀಟಿನ, ಮೇಲೆ ಕ್ಯಾನ್ವಾಸ್ ಹೊದಿಕೆಯ, ಕಡುಹಸುರಿನ ಒಂದು ಕಾರು ಕೊಂಡ. ಅಷ್ಟು ಬ್ಯೂಟಿಫುಲ್ ವಸ್ತುವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಆದರೆ ನೆಲಕ್ಕೆ ಅಂಟಿಕೊಂಡಂತೆ ತಗ್ಗು. ಹದಿನೈದಿಂಚಿನ ಚಕ್ರ. ನಮ್ಮ ಮನೆಯ ದಾರಿಯಲ್ಲೇ ಎರಡು ಸಲ ಹೊಟ್ಟೆ ಕೆರೆಸಿಕೊಂಡಿತು.

ಅದೇ ಸಮಯಕ್ಕೆ ಮುಂಡಾಜೆಯ ಒಂದು ಮನೆಯಿಂದ ಹುಡುಗಿಯ ಪ್ರಸ್ತಾಪ ಬಂದಿತ್ತು. ಆ ಮನೆಯ ಎದುರು ಒಂದು ತೋಡು, ಸಣ್ಣ ಹಳ್ಳ, ಅದನ್ನು ದಾಟಿದರೆ ಅಂಗಳ. ಅಣ್ಣನಿಗೆ ಹೆಣ್ಣು ನೋಡಲು ಈ ಕಾರಿನಲ್ಲೇ ಹೋಗಬೇಕು. ಎಲ್ಲರ ಎದುರು ತೋಡಿನಲ್ಲಿ ಸಿಕ್ಕಿ ಬಿದ್ದರೆ ಮರ್ಯಾದೆ ಎಲ್ಲಿ ಉಳಿಯುತ್ತದೆ? ಹತ್ತೊಂಬತ್ತು ಇಂಚು ಹಾಕಿ ಎಂದು ಪೊರ್ಬುಗಳಿಗೆ ಹೇಳಿದ. ಅವರು ಒಪ್ಪಲಿಲ್ಲ. ಮರುದಿನ ಒಂದು ಬಿದಿರುಕೋಲು ಹಿಡಿದುಕೊಂಡು ಬಸ್ಸು ಹತ್ತಿ ಮುಂಡಾಜೆಗೆ ಹೋದರು. ಆ ತೋಡಿನ ಆಳ, ದಡದ ಓರೆ ಎಲ್ಲ ಅಳೆದರು. ಹುಡುಗಿಯ ಅಜ್ಜಿ ಜಗಲಿಯಿಂದ ನೋಡಿ ಕೇಳಿದರಂತೆ, ಮದುಮಗನಿಗಿಂತ ಮೊದಲು ಚಕ್ರದವನೇ ಬಂದನಲ್ಲ, ಇನ್ನು ಹುಡುಗಿಯನ್ನೂ ಅದೇ ಕೋಲಿನಲ್ಲಿ ಅಳೆಯುವುದಾ ಎಂದು. ಅಣ್ಣನಿಗೆ ನಾಚಿಕೆಯಿಂದ ಸಾಯುವಷ್ಟಾಯಿತು. ನಾವು ಬಿದ್ದು ಬಿದ್ದು ನಕ್ಕೆವು.

"ಹದಿನೈದು ಸಾಲುದಿಲ್ಲ. ಹತ್ತೊಂಬತ್ತು ಬರೇ ಬಡಾಯಿ. ಹದಿನಾರು ಹಾಕುವ," ಎಂದರು ಪೊರ್ಬು ಬಂದು. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಹದಿನಾರಿಂಚಿನ ಕಡ್ಡಿ ಚಕ್ರಗಳ ಒಂದು ಸೆಟ್ಟನ್ನು ಮಂಗಳೂರಿನ ಹಳೆ ಸಾಮಾನಿನವರಿಂದ ತಂದರು. ಒಂದು ವಾರ ಟಿಣ್ ಟಿಣ್ ಎಂದು ತಟ್ಟಿ ಸರಿಮಾಡಿದರು. ಹಾಕುವ ಮೊದಲು ಕಾರಿನ ಹ್ಯಾಂಡ್‌ಬುಕ್ಕಿನಲ್ಲಿ ಏನಿದೆಯೆಂದು ಕೇಳಬೇಕು, ತಂಗಿಯನ್ನು ಕಳಿಸಿ ಎಂದು ಅಣ್ಣನಿಗೆ ಹೇಳಿ ಕಳುಹಿಸಿದರು. ಅವರಿಗೆ ಕನ್ನಡ ಓದಲು ಬರುತ್ತಿತ್ತು, ಇಂಗ್ಲಿಷ್ ಇಲ್ಲ. ನಾನು ಎಲೊಕ್ಯೂಷನ್‌ನಲ್ಲಿ ಪ್ರೈಜ್ ಗೆದ್ದವಳು.

ಹಿಂದಿನ ದಿನ ಸಂಜೆ ಅಣ್ಣ ಜಗಲಿಯಲ್ಲಿ ಪುಸ್ತಕ ತೆರೆದು ನನಗೊಂದು ಪುಟ ತೋರಿಸಿದ. ನಮ್ಮಂಥ ರಸ್ತೆಗಳಿಗೆ ಹದಿನಾರಿಂಚು ಹಾಕಬಹುದೆಂದು ಸ್ಪಷ್ಟವಾಗಿ ಬರೆದಿತ್ತು. ಅದರ ಕೆಳಗೆ ಎರಡು ಸಾಲು. ದೊಡ್ಡ ಚಕ್ರ ಹಾಕಿದರೆ ಸ್ಟಿಯರಿಂಗ್ ಪೂರ್ತಿ ತಿರುಗದಂತೆ ಎರಡು ಕಡೆಯ ತಡೆಬೋಲ್ಟುಗಳನ್ನು ಹೊರಗೆ ಸರಿಸಿ ಬಿಗಿಯಬೇಕು. ಇಲ್ಲದಿದ್ದರೆ ಗಾಡಿಯ ಮೇಲೆ ಭಾರವಿದ್ದು ಪೂರ್ತಿ ತಿರುಗಿಸಿದಾಗ ಟಯರು ಬ್ರೇಕಿನ ರಬ್ಬರ್ ಪೈಪಿಗೆ ಉಜ್ಜುತ್ತದೆ.

"ಇದನ್ನು ಓದಬೇಡ," ಎಂದ ಅಣ್ಣ. "ಓದಿದರೆ ಪೊರ್ಬು ಸ್ಟಿಯರಿಂಗಿಗೆ ಕಟ್ಟು ಹಾಕ್ತಾರೆ. ಮತ್ತೆ ಅಂಗಳದಲ್ಲಿ ಗಾಡಿ ತಿರುಗಿಸುದು ಹೇಗೆ? ಬಸ್ಸಿನ ಹಾಗೆ ನಾಲ್ಕು ಸಲ ಹಿಂದೆ ಮುಂದೆ ಮಾಡ್ಬೇಕು. ಆ ಅಜ್ಜಿ ಬಿಡ್ತಾಳಾ ನನ್ನನ್ನು?"

ನಮ್ಮ ಕಡೆ ಆಗ ಕಾರಿನಲ್ಲಿ ಬಂದವರ ಗತ್ತು ಇದ್ದದ್ದು ಅದರಲ್ಲೇ. ತುಳಸಿಕಟ್ಟೆಗೆ ಒಂದೇ ಸುತ್ತು ಹಾಕಿ, ಗಾಡಿಯ ಮುಖ ಹೊರಗೆ ಮಾಡಿ ನಿಲ್ಲಿಸಬೇಕು. ಹಿಂದೆ ಸರಿದರೆ ಡ್ರೈವಿಂಗ್ ಬರುವುದಿಲ್ಲವೆಂದು ಲೆಕ್ಕ. ಅಣ್ಣ ನನಗೆ ಬೋರ್ಡಿಂಗಿಗೆ ಪೆಪ್ಪರ್ಮಿಂಟಿನ ಡಬ್ಬಿ ತರುತ್ತಿದ್ದವನು, ಆ ಕಾರಿನಲ್ಲಿ ಮೊದಲು ಕೂರಿಸಿದ್ದು ನನ್ನನ್ನು. ಅವನು ಸುಳ್ಳು ಹೇಳು ಎಂದಿರಲಿಲ್ಲ, ಎರಡು ಸಾಲು ಬಿಡು ಎಂದಿದ್ದ ಅಷ್ಟೆ. ಐ ಥಾಟ್ ಇಟ್ ವಾಸ್ ಎ ಸ್ಮಾಲ್ ಥಿಂಗ್.

ಶೆಡ್ಡಿನಲ್ಲಿ ಪೊರ್ಬು ಬೆಂಚಿನ ಮೇಲೆ ಕುಳಿತು ಬಲಗಿವಿ ನನ್ನ ಕಡೆ ಕೊಟ್ಟರು. ನಾನು ಇಂಗ್ಲಿಷ್ ಓದಿ, ಪ್ರತಿ ವಾಕ್ಯವನ್ನು ತುಳುವಿನಲ್ಲಿ ಹೇಳಿದೆ. ಆ ಎರಡು ಸಾಲು ಬಂದಾಗ ಧ್ವನಿ ಒಂದಿಷ್ಟೂ ಏರಿಳಿಯದಂತೆ ಮುಂದಿನ ಪ್ಯಾರಾಕ್ಕೆ ಹೋದೆ. ಸಿಸ್ಟರುಗಳು ಕಲಿಸಿದ ಬ್ರೆತ್ ಕಂಟ್ರೋಲ್ ಎಲ್ಲ ಅಲ್ಲಿ ಉಪಯೋಗಕ್ಕೆ ಬಂತು.

ಅವರು ಎದ್ದು, ಜ್ಯಾಕಿನ ಮೇಲೆ ಏರಿಸಿದ್ದ ಕಾರಿಗೆ ಚಕ್ರ ಹಾಕಿ, ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿದರು. ಬಗ್ಗಿ ನೋಡಿದರು. ಟಯರಿಗೂ ಪೈಪಿಗೂ ನಡುವೆ ಒಂದು ಬೆರಳು ಹೋಗುತ್ತಿತ್ತು. ಆ ಬೆರಳನ್ನು ಅಲ್ಲೇ ಇಟ್ಟುಕೊಂಡು ಸ್ವಲ್ಪ ಹೊತ್ತು ಯೋಚಿಸಿದರು. ಮತ್ತೆ ನನ್ನ ಕಡೆ ಕತ್ತು ತಿರುಗಿಸಿದರು.

"ಸ್ಟಿಯರಿಂಗಿನ ವಿಷಯ ಪುಸ್ತಕದಲ್ಲಿ ಎಂತದೂ ಇಲ್ವಾ ಬಾಲೆ?"

ಬಾಲೆ ಎಂದರೆ ತುಳುವಿನಲ್ಲಿ ಮಗು.

"ಎಂತದೂ ಇಲ್ಲ," ಎಂದೆ.

ಆಯಿತು, ಎಂದರು. ನನ್ನ ಮಾತಿನ ಮೇಲೆ ಜ್ಯಾಕು ಇಳಿಸಿದರು.

ಹೆಣ್ಣು ನೋಡುವ ದಿನ ಕಾರು ತೋಡನ್ನು ಹಂಸದ ಹಾಗೆ ದಾಟಿತು. ಹೊಟ್ಟೆಗೂ ನೀರಿಗೂ ನಡುವೆ ಪೊರ್ಬು ಹೇಳಿದಷ್ಟೇ ಜಾಗ. ಅಂಗಳದಲ್ಲಿ ಅಣ್ಣ ತುಳಸಿಕಟ್ಟೆಗೆ ಒಂದೇ ಸುತ್ತು ಹಾಕಿದ. ಪಕ್ಕದ ಸೀಟಿನಲ್ಲಿ ಮಾವ, ಭಾರದ ಆಳು. ನಾನೂ ಅಮ್ಮನೂ ಬಾಡಿಗೆ ಕಾರಿನಲ್ಲಿ ಹಿಂದೆ ಇದ್ದೆವು. ಆ ಅಜ್ಜಿ ಸೆರಗು ಬಾಯಿಗಿಟ್ಟು ನಕ್ಕು, ಹುಡುಗ ಗಟ್ಟಿಗ ಎಂದರು. ಸಂಬಂಧ ನಿಶ್ಚಯವಾಯಿತು. ಅಲ್ಲಿಂದ ಎರಡು ತಿಂಗಳು ಅಣ್ಣ ಏನಾದರೊಂದು ನೆಪ ಹೇಳಿ ಮುಂಡಾಜೆಗೆ ಓಡುತ್ತಿದ್ದ. ಹೋದಾಗಲೆಲ್ಲ ಅಂಗಳದಲ್ಲಿ ಆ ಒಂದು ಸುತ್ತು. ಆ ಮನೆಯ ಮಕ್ಕಳನ್ನು ಕೂರಿಸಿಕೊಂಡು ಇನ್ನೂ ನಾಲ್ಕು ಸುತ್ತು.

ಚಾರ್ಮಾಡಿ ಕಡೆಯಿಂದ ಮುಂಡಾಜೆಗೆ ಇಳಿಯುವಾಗ ಒಂದು ಮಧ್ಯಾಹ್ನ ಬ್ರೇಕಿನ ಪೆಡಲು ನೆಲಕ್ಕೆ ಹೋಯಿತು. ಹೆಚ್ಚು ಬರೆಯಲಾರೆ. ಅವನು ಒಬ್ಬನೇ ಇದ್ದ. ಬೆಳ್ತಂಗಡಿಗೆ ತರುವಷ್ಟರಲ್ಲಿ ಮುಗಿದಿತ್ತು. ಕಾರನ್ನು ಪರೀಕ್ಷಿಸಿದ ಅಧಿಕಾರಿ ಮಾವನಿಗೆ ಹೇಳಿದರಂತೆ, ಟಯರು ಉಜ್ಜಿ ಉಜ್ಜಿ ಬ್ರೇಕಿನ ಪೈಪು ಹರಿದಿದೆ, ಚಕ್ರದ ಸೈಜು ತಪ್ಪಿದೆ ಎಂದು. ಆ ಒಂದು ಮಾತು ಸಾಕಾಯಿತು.

ಹದಿಮೂರನೇ ದಿನ ಉತ್ತರಕ್ರಿಯೆ, ನಾವು ಬೊಜ್ಜ ಎನ್ನುತ್ತೇವೆ. ಅಂಗಳದ ತುಂಬ ಜನ. ಪೊರ್ಬು ಇಗರ್ಜಿಗೆ ಹಾಕುವ ಬಿಳಿ ಅಂಗಿ ಹಾಕಿಕೊಂಡು ಬಂದು ಅಂಗಳದ ಅಂಚಿನಲ್ಲಿ ನಿಂತರು. ಮೇಲೆ ಬರುವುದು ಬೇಡ ಎಂದು ಮಾವ ಜಗಲಿಯಿಂದಲೇ ಹೇಳಿದರು. ಆಮೇಲೆ ಎಲ್ಲರಿಗೂ ಕೇಳುವಂತೆ, "ಚಕ್ರ ಹಾಕಿದ್ದು ನೀನೇ ಅಲ್ವಾ?" ಎಂದರು.

"ಹೌದು, ನಾನೇ."

"ಅಳತೆ ನಿನ್ನದೇ ಅಲ್ವಾ?"

"ನನ್ನದೇ."

ನಾನು ಅಮ್ಮನ ಹಿಂದೆ ಬಾಗಿಲಲ್ಲಿದ್ದೆ. ಪೊರ್ಬು ಒಮ್ಮೆ ತಲೆ ಎತ್ತಿ ನನ್ನನ್ನು ನೋಡಿದರು. ನಾನು ಅಮ್ಮನ ಸೀರೆಯ ಅಂಚನ್ನು ನೋಡಿದೆ. ಅಳಿಯಸಂತಾನದ ಮನೆಯಲ್ಲಿ ಮಗಳಿಂದ ಮನೆ ಮುಂದುವರಿಯಬೇಕು. ಈಗ ಉಳಿದವಳು ನಾನೊಬ್ಬಳು. ಪೊರ್ಬು ಬಹಳ ಹೊತ್ತು ಹಾಗೆಯೇ ನಿಂತಿದ್ದು, ಆಮೇಲೆ ಹೋದರು.

ಕಾರಿನವರು ಮೆಲ್ಕಾರಿನಲ್ಲಿ ನಿಲ್ಲಿಸುವುದನ್ನು ಬಿಟ್ಟರು. ಆ ವರ್ಷದ ಕ್ರಿಸ್ಮಸ್ಸಿಗೆ ಬಾಯಿ ಪ್ರತಿ ವರ್ಷದಂತೆ ಕುಸ್ವಾರಿನ ತಿಂಡಿಗಳ ಬಟ್ಟಲಿನ ಮೇಲೆ ಬಾಳೆಲೆ ಮುಚ್ಚಿ ಕಳುಹಿಸಿದರು. ಮಾವ ಎಲೆ ತೆಗೆಯಲೂ ಬಿಡದೆ ವಾಪಸು ಕಳುಹಿಸಿದರು. ಮುಂದಿನ ರಜೆಗೆ ನಾನು ಬಸ್ಸಿಳಿದಾಗ ಶೆಡ್ಡಿಗೆ ಬೀಗ.

ಬೋರ್ಡಿಂಗಿನಲ್ಲಿ ಶನಿವಾರ ಸಂಜೆ ಕ್ಯಾಥೊಲಿಕ್ ಹುಡುಗಿಯರು ಕನ್ಫೆಶನ್ನಿಗೆ ಲೈನು ನಿಲ್ಲುತ್ತಿದ್ದರು. ಹೋಗುವಾಗ ಸಪ್ಪೆ ಮುಖ, ಬರುವಾಗ ಹಗುರ. ನಮಗೆ, ಹಿಂದೂ ಹುಡುಗಿಯರಿಗೆ, ಆ ಹೊತ್ತಿನಲ್ಲಿ ನೀಡ್ಲ್‌ವರ್ಕ್. ನಾನು ಸೂಜಿ ಹಿಡಿದುಕೊಂಡು ಕಿಟಕಿಯಿಂದ ಆ ಲೈನನ್ನೇ ನೋಡುತ್ತಿದ್ದೆ.

ಅವರನ್ನು ಕೊನೆಯ ಸಲ ನೋಡಿದ್ದು ಎಂಟು ವರ್ಷಗಳ ಮೇಲೆ. ಅಷ್ಟರಲ್ಲಿ ಮದುವೆಯಾಗಿ ಮೂಡಬಿದಿರೆಗೆ ಬಂದಿದ್ದೆ, ಹೊಟ್ಟೆಯಲ್ಲಿ ಮಗುವಿತ್ತು. ಪೊರ್ಬು ಬೆಳ್ತಂಗಡಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದಾರೆಂದು ಯಾರೋ ಹೇಳಿದರು. ಮನೆಯಲ್ಲಿ ಏನೋ ನೆಪ ಹೇಳಿ ವೇಣೂರು ದಾರಿಯ ಬಸ್ಸು ಹತ್ತಿದೆ. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಜೋಡಿಸುತ್ತಾ ಹೋದೆ. ಆ ಭಾಷೆಯಲ್ಲಿ ಸ್ವಲ್ಪ ಸುಲಭವೆನ್ನಿಸಿತು.

ಅಂಗಡಿಯೆಂದರೆ ಒಂದು ಸೋಗೆಯ ಮಾಡು, ಒಂದು ನೀರಿನ ಬೋಗುಣಿ. ಅವರು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಸ್ಟೂಲನ್ನು ಲುಂಗಿಯ ತುದಿಯಿಂದ ಒರೆಸಿ ಕೂರಲು ಹೇಳಿದರು. ಬಾಯಿ ಹೋಗಿ ಒಂದು ವರ್ಷವಾಯಿತು, ಇದ್ದಿದ್ದರೆ ಕಾಫಿ ಆಗುತ್ತಿತ್ತು ಎಂದರು.

"ಪೊರ್ಬು, ಆ ಪುಸ್ತಕದಲ್ಲಿ..." ಎಂದೆ.

"ಎರಡು ಸಾಲು," ಎಂದರು ಅವರು. "ಗೊತ್ತುಂಟು. ಪುಸ್ತಕ ನನ್ನ ಬೆಂಚಿನಲ್ಲೇ ಉಳಿದಿತ್ತು. ನಿನ್ನ ಅಣ್ಣ, ಸಣ್ಣ ಧನಿಗಳು, ಹೋದ ಮೂರನೇ ದಿನ ಪಾದ್ರಿಗಳ ಹತ್ತಿರ ಓದಿಸಿದೆ."

"ಹಾಗಾದರೆ ಬೊಜ್ಜದ ದಿನ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ನೀನು ಬಾಗಿಲಲ್ಲಿದ್ದೆ. ಈಗ ಹೇಳ್ತದೆ ಬಾಲೆ, ಈಗ ಹೇಳ್ತದೆ ಅಂತ ನಿಂತೆ. ಅದಕ್ಕೇ ಅಷ್ಟು ಹೊತ್ತು ನಿಂತದ್ದು."

ನೀವೇ ಹೇಳಬಹುದಿತ್ತಲ್ಲ ಎಂದು ಕೇಳಿದೆ. ಎಷ್ಟು ಸಣ್ಣ ಪ್ರಶ್ನೆ ಕೇಳಿದೆನೆಂದು ಈಗ ಅನಿಸುತ್ತದೆ.

"ಅಮ್ಮ ಎದುರೇ ಕೂತಿದ್ದರಲ್ಲ. ಒಂದು ಮಗ ಹೋಗಿ ಹದಿಮೂರು ದಿನ. ಇದು ಮಗಳು ಮಾಡಿದ್ದು ಅಂತ ನಾನು ಹೇಳಿದರೆ, ಆ ಹೆಂಗಸು ಮತ್ತೆ ಯಾರ ಮುಖ ನೋಡಿಕೊಂಡು ಇರುದು?" ಟ್ಯೂಬನ್ನು ಸ್ವಲ್ಪ ತಿರುಗಿಸಿದರು. "ಸಿಟ್ಟು ಇರಲಿಲ್ಲ ಅಂತ ಎಣಿಸ್ಬೇಡ. ಬಾಯಿಯ ಬಟ್ಟಲು ವಾಪಸ್ ಬಂದ ದಿನ ಎಲ್ಲ ಹೇಳಿ ಬಿಡುವ ಅಂತ ನಿಮ್ಮ ಗೇಟಿನವರೆಗೆ ಬಂದಿದ್ದೆ. ಅಮ್ಮ ಬಾವಿಕಟ್ಟೆಯಲ್ಲಿ ಒಬ್ಬರೇ ನಿಂತಿದ್ದರು. ಕೊಡ ತುಂಬಿ ಹೊರಗೆ ಚೆಲ್ತಾ ಇತ್ತು, ಅವರಿಗೆ ಗೊತ್ತೇ ಇಲ್ಲ. ವಾಪಸ್ ಬಂದೆ."

ನಾನು ಅಳುತ್ತಿದ್ದೆ. ಅವರು ಸಮಾಧಾನ ಮಾಡಲಿಲ್ಲ. ಕ್ಷಮಿಸಿದ್ದೇನೆ ಎಂದೂ ಹೇಳಲಿಲ್ಲ. ಮನೆಗೆ ಹೋಗಿ ಎಲ್ಲರಿಗೂ ಹೇಳಿಬಿಡುತ್ತೇನೆ ಎಂದೆ.

"ಅಮ್ಮ ಉಂಟಾ?"

"ಉಂಟು."

"ಹಾಗಾದರೆ ಬೇಡ. ಅವರು ಇರುವವರೆಗೆ ಬೇಡ. ಮತ್ತೆ ಹೇಳು." ನೀರಿನಿಂದ ಕೈ ಹೊರಗೆ ತೆಗೆದರು. "ಸಣ್ಣ ಧನಿಗಳದ್ದು, ನಿನ್ನದು ಎಂತ ಬೇಕಾದರೂ ಹೇಳು, ಬಿಡು. ಹದಿನಾರು ಸರಿ ಇತ್ತು ಬಾಲೆ. ಆ ಗಾಡಿಗೆ, ಆ ತೋಡಿಗೆ, ಹದಿನಾರೇ ಸರಿ. ಅದೊಂದು ಹೇಳು."

ಅಮ್ಮ ತೊಂಬತ್ತು ವರ್ಷ ತುಂಬುವವರೆಗೆ ಬದುಕಿದಳು. ಅವಳು ಹೋದ ಮೇಲೂ ನನಗೆ ಪ್ರತಿ ವರ್ಷ ಒಂದೊಂದು ಕಾರಣ ಸಿಗುತ್ತಿತ್ತು: ಗಂಡ, ಮಕ್ಕಳು, ಮನೆತನ. ಇಷ್ಟು ವರ್ಷ.

ಅಂದು ಬಸ್ಸು ಬಂದಾಗ ಪೊರ್ಬು ರಸ್ತೆಗಿಳಿದು ಕೈ ಅಡ್ಡ ಹಿಡಿದು ನಿಲ್ಲಿಸಿದರು. ಬಸುರಿ ಹೆಂಗಸು, ಮುಂದಿನ ಸೀಟು ಕೊಡಿ ಎಂದು ಕಂಡಕ್ಟರನಿಗೆ ಹೇಳಿದರು. ನಾನು ಕುಳಿತ ಮೇಲೆ ಕಿಟಕಿಯ ಹತ್ತಿರ ಬಂದು, "ಹೇಳ್ತಿಯಲ್ಲ?" ಎಂದರು. ಹೇಳ್ತೇನೆ ಎಂದೆ. ಬಸ್ಸು ಹೊರಟಿತು. ತಿರುವಿನವರೆಗೂ ನೋಡುತ್ತಿದ್ದೆ. ಅವರು ಒದ್ದೆ ಕೈಗಳನ್ನು ಅಂಗಿಗೆ ತಾಗದಂತೆ ದೂರ ಹಿಡಿದುಕೊಂಡು ರಸ್ತೆಯ ಬದಿಯಲ್ಲಿ ನಿಂತೇ ಇದ್ದರು.